ಸೊಂಡೆಕೊಪ್ಪದ ಮುಳ್ಳುತಂತಿಯ ಮನೆಗೆ ಒಂದು ಬಹಿರಂಗ ಪತ್ರ

ಮಾನ್ಯ ವಿದೇಶಿಯರ ಬಂಧನ ಕೇಂದ್ರದ ಸನ್ನಿಧಾನಕ್ಕೆ,

ನೆಲಮಂಗಲ ತಾಲ್ಲೂಕಿನ ನಿವಾಸಿಯ ಸವಿನಯ ನಮಸ್ಕಾರಗಳು.

ಈ ಸೀಮೆ ತಮ್ಮನ್ನು ಮೊದಲು ಕಂಡದ್ದು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ಲಾಗಿ. ಮನೆಯಲ್ಲಿ ಓದುವ ಅನುಕೂಲವಿಲ್ಲದ ಮಕ್ಕಳಿಗೆ ಅನ್ನ ಇಕ್ಕಿದಿರಿ, ಮಲಗಲು ಜಾಗ ಕೊಟ್ಟಿರಿ. ಆ ಋಣವನ್ನು ನಾವು ಮರೆತಿಲ್ಲ. ಮಕ್ಕಳು ಕಡಿಮೆಯಾದರೆಂದು ಮುಚ್ಚಿದ್ದ ತಮ್ಮನ್ನು 2019ರಲ್ಲಿ ಹೊಸದಾಗಿ ಸಜ್ಜುಗೊಳಿಸಿದಾಗ ಕಾಂಪೌಂಡಿನ ಮೇಲೆ ಮುಳ್ಳುತಂತಿ ಬಂದಿತ್ತು, ಪಕ್ಕದಲ್ಲಿ ಕಾವಲುಗೋಪುರ ಎದ್ದಿತ್ತು. ವೀಸಾ ಮುಗಿದವರು, ಕಾಗದಪತ್ರ ಇಲ್ಲದವರು ಇನ್ನು ಇಲ್ಲಿರುತ್ತಾರೆ ಎಂದರು. ಮಕ್ಕಳಿಗೆಂದು ಕಟ್ಟಿದ ಕೋಣೆಗಳನ್ನು ಪರದೇಶದವರಿಗೆ ಬಿಟ್ಟುಕೊಟ್ಟ ತಮ್ಮ ದೊಡ್ಡ ಮನಸ್ಸಿಗೆ ಶರಣು.

ಕೇಂದ್ರ ಗೃಹ ಸಚಿವಾಲಯ ಅದೇ ವರ್ಷ ಕಳಿಸಿದ ಕೈಪಿಡಿ ಹಾಸಿಗೆ, ನೀರು, ವಿದ್ಯುತ್, ಅಡುಗೆಮನೆ ಇರಬೇಕೆನ್ನುತ್ತದೆ. ಒಂದೇ ಕುಟುಂಬದವರನ್ನು ಬೇರೆ ಮಾಡಬಾರದೆನ್ನುತ್ತದೆ. ಸಂತೋಷ. ಆದರೆ ಕಳ್ಳತನಕ್ಕೆ ಜೈಲಿಗೆ ಹೋದವನಿಗೂ ಬಿಡುಗಡೆಯ ದಿನ ಗೊತ್ತಿರುತ್ತದೆ. ತಮ್ಮ ಅತಿಥಿಗೆ ಅದು ಗೊತ್ತಿಲ್ಲ. ಅವನ ದೇಶದ ರಾಯಭಾರ ಕಚೇರಿ ಇವನು ನಮ್ಮವನೇ ಎಂದು ಒಪ್ಪಿ ಪ್ರಯಾಣದ ಪತ್ರ ಕೊಡಬೇಕು. ಅವರು ಒಪ್ಪದಿದ್ದರೆ, ಉತ್ತರವನ್ನೇ ಬರೆಯದಿದ್ದರೆ, ಅವನು ಇಲ್ಲೇ. ಇಂಥ ಕಾಯುವಿಕೆಯನ್ನು ಆತಿಥ್ಯವೆನ್ನಲು ನನಗೆ ನಾಲಿಗೆ ಏಳುವುದಿಲ್ಲ, ಕ್ಷಮಿಸಬೇಕು.

ಅಸ್ಸಾಮಿನ ಮಾಟಿಯಾದಲ್ಲಿರುವ ತಮ್ಮ ಸೋದರ ಕೇಂದ್ರದ ಕಥೆ 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ವಿದೇಶಿಯರೆಂದು ಘೋಷಿಸಿದ 63 ಜನರನ್ನು ಗಡೀಪಾರೂ ಮಾಡದೆ ಇಟ್ಟುಕೊಂಡು ಯಾವ ಮುಹೂರ್ತಕ್ಕೆ ಕಾಯುತ್ತಿದ್ದೀರಿ ಎಂದು ನ್ಯಾಯಪೀಠ ಕೇಳಿತು. ಸಂವಿಧಾನದ 21ನೇ ವಿಧಿ ರಕ್ಷಿಸುವುದು ಪ್ರಜೆಗಳನ್ನಷ್ಟೇ ಅಲ್ಲ, ಈ ನೆಲದ ಮೇಲಿರುವ ಪ್ರತಿ ಮನುಷ್ಯನನ್ನು.

ಶಿಸ್ತು, ಸೌಜನ್ಯಕ್ಕೆ ನಾವೆಲ್ಲ ಬೆರಗಾಗುವ ಜಪಾನಿನಲ್ಲೂ ತಮ್ಮಂಥ ಮನೆಗಳಿವೆ. ಶ್ರೀಲಂಕಾದ ವಿಶ್ಮಾ ಸಂದಮಾಲಿ ಓದಲೆಂದು ಅಲ್ಲಿಗೆ ಹೋದವಳು. ಸಂಗಾತಿಯ ಹಿಂಸೆ ತಾಳದೆ 2020ರಲ್ಲಿ ಪೊಲೀಸರ ಬಳಿ ಹೋದಾಗ ವೀಸಾ ಮುಗಿದಿದೆ ಎಂದು ಅವಳನ್ನೇ ಹಿಡಿದರು. ನಗೋಯದ ವಲಸೆ ಕೇಂದ್ರದಲ್ಲಿ ತಿಂದದ್ದು ನಿಲ್ಲದೆ ಸೊರಗಿದಳು, ಆಸ್ಪತ್ರೆಗೆ ಸೇರಿಸಿ ಎಂದು ಬೇಡಿದಳು. 2021ರ ಮಾರ್ಚ್ 6ರಂದು ತೀರಿಕೊಂಡಳು. 33 ವರ್ಷ. ಅಲ್ಲಿಯೂ ಒಳಗಿಡಲು ಇಷ್ಟೇ ದಿನ ಎಂಬ ಮಿತಿ ಇರಲಿಲ್ಲ. ಅವಳ ತಂಗಿಯರು ಆ ಕೇಂದ್ರದ ಕ್ಯಾಮೆರಾ ದೃಶ್ಯ ನೋಡುವುದಕ್ಕೂ ಹೋರಾಡಬೇಕಾಯಿತು. ಆ ಸುದ್ದಿ ಓದಿದಾಗಿನಿಂದ ತಮ್ಮ ಗೋಡೆಯ ಆಚೆ ಯಾರಿಗೆ ಜ್ವರವೋ ಎಂಬ ಚಿಂತೆ ನನ್ನನ್ನು ಬಿಟ್ಟಿಲ್ಲ.

ಆದ್ದರಿಂದ ಪಾದಕ್ಕೆ ಬಿದ್ದು ಬೇಡುತ್ತೇನೆ. ಒಳಗೆ ಬಂದ ಪ್ರತಿಯೊಬ್ಬರ ಕೈಗೂ ಅವರ ಭಾಷೆಯಲ್ಲೇ ಒಂದು ಹಾಳೆ ಕೊಡಿಸಿ: ಏಕೆ ಹಿಡಿದಿದ್ದಾರೆ, ಯಾವ ರಾಯಭಾರ ಕಚೇರಿಗೆ ಯಾವಾಗ ಬರೆದಿದ್ದಾರೆ, ವಕೀಲರು ಯಾರು, ಎಷ್ಟು ದಿನದೊಳಗೆ ಕಳಿಸದಿದ್ದರೆ ಬಿಡುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರನ್ನೂ ವೈದ್ಯರನ್ನೂ ಕರೆಯದೆ ಬಂದರೂ ಒಳಬಿಡಿ.

ಇಂತಿ ತಮ್ಮ ವಿಧೇಯ,
ತಾಲ್ಲೂಕಿನ ಒಬ್ಬ ನಿವಾಸಿ