ಕ್ಲೌಡ್ ಮಹಾಶಯರಿಗೆ ಮಳೆಸೀಮೆಯ ಕಾಗದ

ಶ್ರೀಮಾನ್ ಕ್ಲೌಡ್ ಅವರಿಗೆ,

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ, ನೆಟ್‌ವರ್ಕ್ ಒಂದು ಬಿಟ್ಟು.

ಮೋಡ ಈ ಸೀಮೆಗೆ ಹೊಸದಲ್ಲ. ಜೂನ್ ತಿಂಗಳಲ್ಲಿ ಆಗುಂಬೆ, ಹುಲಿಕಲ್ಲುಗಳಿಗೆ ಬರುವ ಮೋಡ ಕೇಳದೆಯೇ ಸುರಿದು ಹೋಗುತ್ತದೆ. ಮಳೆ ಶುರುವಾದೊಡನೆ ಮಾಯವಾಗುವ ಮೋಡವೆಂದರೆ ಇಂಟರ್ನೆಟ್ಟಿನ ಮೋಡವಾದ ತಾವೊಬ್ಬರೇ. ಗಾಳಿಗೆ ಮರ ಬಿತ್ತು, ತಂತಿ ತುಂಡಾಯಿತು, ಕರೆಂಟು ಹೋಯಿತು, ಟವರಿನ ಬ್ಯಾಟರಿಯೂ ಮುಗಿಯಿತು. ಅಲ್ಲಿಗೆ ತಮ್ಮ ದರ್ಶನ ಬಂದ್. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿಗೆ ಗದ್ದೆ, ತೋಟ ಮುಳುಗಿಸಿಕೊಂಡು ನಾಡಿಗೆಲ್ಲ ಬೆಳಕು ಕೊಟ್ಟ ಸೀಮೆಯಿದು. ಆದರೂ ಕೋವಿಡ್ ಕಾಲದಲ್ಲಿ ಇಲ್ಲಿನ ಮಕ್ಕಳು ಆನ್‌ಲೈನ್ ಪಾಠಕ್ಕೆ ನೆಟ್‌ವರ್ಕ್ ಹುಡುಕುತ್ತ ಗುಡ್ಡ ಹತ್ತಿದರು. ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂದು ಮಲೆನಾಡಿನ ಹಳ್ಳಿಗಳು ಬೋರ್ಡು ಹಿಡಿದವು.

ಹಾಗಾಗಿ ತಮ್ಮ ಪ್ರತಿಸ್ಪರ್ಧಿಯೊಬ್ಬರ ಪರಿಚಯ ಮಾಡಿಕೊಡಬೇಕಿದೆ. ಅವರ ವಾಸ ಅಟ್ಟದ ಮೇಲೆ, ಅಡಕೆ ಚೀಲದ ಪಕ್ಕ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿದ ಮೇಲೆ ನಿವೃತ್ತರಾದ ಲ್ಯಾಪ್‌ಟಾಪ್ ಅವರು. ಸ್ಕ್ರೀನು ಒಂದು ಕಡೆ ಜೋತುಬಿದ್ದಿದೆ, ಕೀಬೋರ್ಡಿನಲ್ಲಿ ಎರಡು ಅಕ್ಷರ ಒತ್ತಿದರೂ ಮೂಡುವುದಿಲ್ಲ, ಫ್ಯಾನಿನೊಳಗೆ ಹಲ್ಲಿಮೊಟ್ಟೆ. ಸರ್ವರ್ ಕೆಲಸಕ್ಕೆ ಸ್ಕ್ರೀನೂ ಬೇಡ, ಕೀಬೋರ್ಡೂ ಬೇಡ. (ಹಲ್ಲಿಮೊಟ್ಟೆ ಮಾತ್ರ ತೆಗೆಯಬೇಕು.) ಎಸ್‌ಎಸ್‌ಡಿ ಹಾಕಿ, ಡೆಬಿಯನ್ ಲಿನಕ್ಸ್ ಕೂರಿಸಿ, ಕಿವಿಕ್ಸ್ ಎಂಬ ತಂತ್ರಾಂಶ ಇಟ್ಟರೆ ಕನ್ನಡ ವಿಕಿಪೀಡಿಯ ಪೂರ್ತಿ ಶಾಲೆಯ ವೈಫೈನಲ್ಲಿ ಸಿಗುತ್ತದೆ, ಇಂಟರ್ನೆಟ್ ಇಲ್ಲದೆಯೇ. ಮನೆಯಲ್ಲೇ ಕಡತ ಇಡುವ ನೆಕ್ಸ್ಟ್‌ಕ್ಲೌಡ್ ತಂತ್ರಾಂಶ ಹಾಕಿದರೆ ಜಗಲಿಯಲ್ಲಿ ತೆಗೆದ ಫೋಟೋ ಅಡುಗೆಮನೆ ತಲುಪಲು ದೇಶ ಸುತ್ತಬೇಕಿಲ್ಲ.

ಹುಚ್ಚು ಎನ್ನುವಿರಾ? ಬೆಂಗಳೂರಿನ ಕೊಳೆಗೇರಿಯೊಂದರಲ್ಲಿ ಅಂಬೇಡ್ಕರ್ ಸಮುದಾಯ ಕಂಪ್ಯೂಟಿಂಗ್ ಕೇಂದ್ರ ದಾನಕ್ಕೆ ಬಂದ ಹಳೆ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿ ಮಕ್ಕಳಿಗೆ ಪಾಠ ನಡೆಸಿತು. ತುಮಕೂರು ಬಳಿಯ ದೇವರಾಯನದುರ್ಗದಲ್ಲಿ ಜನಸ್ತು ಸಂಸ್ಥೆ ಊರಿನದೇ ವೈಫೈ ಮೆಶ್ ಜಾಲ ಕಟ್ಟಿ, ಊರವರ ದನಿಗಳನ್ನು ಊರೊಳಗಿನ ಪುಟ್ಟ ಸರ್ವರಿನಲ್ಲೇ ಇಡುವ ಪ್ರಯೋಗ ನಡೆಸಿದೆ.

ಅಟ್ಟದವರ ಐಬುಗಳನ್ನೂ ಮುಚ್ಚಿಡುವಂತಿಲ್ಲ. ಲ್ಯಾಪ್‌ಟಾಪ್ ಬದಲು 60 ವಾಟಿನ ಹಳೆ ಡೆಸ್ಕ್‌ಟಾಪನ್ನು ಹಗಲೂ ರಾತ್ರಿ ಓಡಿಸಿದರೆ ತಿಂಗಳಿಗೆ 43 ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಲೆಕ್ಕ ತಪ್ಪಿ ಮನೆಯೊಡತಿಯ ಕಣ್ಣು ಕೆಂಪಾಗುತ್ತದೆ. 12 ವಾಟಿನ ಲ್ಯಾಪ್‌ಟಾಪಿಗೆ ಸುಮಾರು 9 ಯೂನಿಟ್ ಸಾಕು. ಅದರ ಬ್ಯಾಟರಿ ಚೆನ್ನಾಗಿದ್ದರೆ ಯುಪಿಎಸ್ ಪುಕ್ಕಟೆ, ಉಬ್ಬಿದ್ದರೆ ಕೂಡಲೇ ಬಿಚ್ಚಿ ತೆಗೆಯಬೇಕು. ಒಳಗಿನ ಗುಂಡಿ ಸೆಲ್ ಸತ್ತರೆ, ಕರೆಂಟು ಪೂರ್ತಿ ಹೋಗಿ ಬಂದಾಗಲೆಲ್ಲ ಯಂತ್ರ ಹಲವು ವರ್ಷ ಹಿಂದಿನ ತಾರೀಕಿಗೆ ಏಳುತ್ತದೆ, ಆಮೇಲೆ ಅದು ಜಾಲತಾಣಗಳನ್ನು ನಂಬುವುದಿಲ್ಲ. 32 ಬಿಟ್ ಪ್ರೊಸೆಸರಿನ ಮುದುಕ ಲ್ಯಾಪ್‌ಟಾಪುಗಳಿಗೆ 2025ರ ಡೆಬಿಯನ್ 13 ಬಾಗಿಲನ್ನೇ ತೆರೆಯುವುದಿಲ್ಲ.

ಕರೆಂಟಿನ ಬದಲು ಬಿಸಿಲು ಸಾಲದೇ ಎನ್ನುವಿರಾ? 2018ರಲ್ಲಿ ಬಾರ್ಸಿಲೋನಾದಲ್ಲಿ ಲೋ-ಟೆಕ್ ಮ್ಯಾಗಜೀನ್ ಎಂಬ ಪತ್ರಿಕೆ ತನ್ನ ಜಾಲತಾಣವನ್ನು ಸೌರಫಲಕದ ವಿದ್ಯುತ್ತಿನಲ್ಲಿ ಓಡಿಸತೊಡಗಿತು. ಮೋಡ ಮುಸುಕಿ ಬ್ಯಾಟರಿ ಬರಿದಾದರೆ ತಾಣವೂ ಮಲಗುತ್ತದೆ. ಅದನ್ನೇ ಆಗುಂಬೆಯಲ್ಲಿ ಇಟ್ಟರೆ ಜಾಲತಾಣಕ್ಕೂ ಚಾತುರ್ಮಾಸ್ಯ.

ತಮ್ಮ ಉತ್ತರಕ್ಕೆ ಅವಸರವಿಲ್ಲ, ಮಳೆ ಬಿಟ್ಟ ಮೇಲೆ ಬರಲಿ. ಈ ಕಾಗದವನ್ನು ಓದುವ ಮಿಕ್ಕವರಲ್ಲಿ ಒಂದು ವಿನಂತಿ: ಹಳೆ ಲ್ಯಾಪ್‌ಟಾಪನ್ನು ಗುಜರಿಯವನ ತಕ್ಕಡಿಗೆ ಇಡುವ ಮೊದಲು ಊರಿನ ಶಾಲೆಯ ಮೇಷ್ಟರನ್ನು ಒಮ್ಮೆ ಕೇಳಿ. ಚಾರ್ಜರ್ ಮರೆಯದೆ ಒಯ್ಯಿರಿ.

ಇತಿ,
ಅಟ್ಟದ ನಿವಾಸಿಗಳ ಪರವಾಗಿ