ಗ್ಯೋಟೋಕುವಿನಲ್ಲಿ ತುಳಸಮ್ಮನ ಬಿಡಾರ

ಪುದೀನ ಕುಟುಂಬವಾದ ಲೇಮಿಯೇಸಿಗೆ ಸೇರಿದ, ನೇರಳೆ ಛಾಯೆಯ ಹೂತೆನೆ ಬಿಡುವ ತುಳಸಿಯು ಕರ್ನಾಟಕದ ಅಂಗಳದಲ್ಲಿ ಕಟ್ಟೆಯ ಒಡತಿಯಾದರೂ, ಜಪಾನಿನ ಎದೋ ಕಾಲದಲ್ಲಿ ಉಪ್ಪಿನ ಗದ್ದೆಗಳಿಗೆ ಹೆಸರಾಗಿದ್ದ ಚಿಬಾ ಪ್ರಾಂತ್ಯದ ಗ್ಯೋಟೋಕುವಿನಲ್ಲಿ ಕನ್ನಡ ಕುಟುಂಬದೊಡನೆ ನೆಲೆಸಿದರೆ ಬಾಲ್ಕನಿಯ ಬಾಡಿಗೆದಾರಳಾಗಬೇಕಾಗುತ್ತದೆ. ಜಪಾನಿನ ವಸತಿ ಸಮುಚ್ಚಯಗಳಲ್ಲಿ ಬಾಲ್ಕನಿಯು ಬೆಂಕಿ ಬಿದ್ದಾಗ ಪಾರಾಗುವ ದಾರಿಯೂ ಆಗಿರುವುದರಿಂದ ಕಟ್ಟೆಯ ಮಾತೇ ಇಲ್ಲ, ಸುಲಭವಾಗಿ ಎತ್ತಿಡಬಹುದಾದ ಕುಂಡವೇ ಗತಿ. ಕಾರ್ತಿಕದ ಉತ್ಥಾನ ದ್ವಾದಶಿಯಂದು, ಅಂದರೆ ಹೆಚ್ಚುಕಡಿಮೆ ನವೆಂಬರಿನಲ್ಲಿ, ನೆಲ್ಲಿಕೊಂಬೆಯೊಡನೆ ಮದುವೆಯಾಗುವ ಹೊತ್ತಿಗೇ ಅಲ್ಲಿ ಚಳಿ ಶುರುವಾಗುವುದರಿಂದ, ಇಬ್ಬನಿ ಹೆಪ್ಪುಗಟ್ಟುವುದನ್ನು ತಾಳದ ಈ ಮದುಮಗಳು ಹಸೆಯಿಂದ ನೇರವಾಗಿ ಒಳಮನೆಯ ಕಿಟಕಿಗೆ ನಡೆದು, ಅಲ್ಲಿ ಬಿಸಿಲು ಸಾಲದೆಂದು ಮುನಿಸಿಕೊಂಡು ಎಲೆ ಉದುರಿಸುತ್ತಾಳೆ. ತೆನೆ ಚಿವುಟಿದರೆ ಗಿಡ ಕವಲೊಡೆದು ಪೊದೆಯಾಗುತ್ತದೆ, ಚಿವುಟದಿದ್ದರೆ ಬೀಜ ಕಟ್ಟಿ ಸೊರಗುತ್ತದೆ. ಆದ್ದರಿಂದ ಶಾಸ್ತ್ರಕ್ಕೆಂದು ಒಂದೆರಡು ತೆನೆಗಳನ್ನು ಬೀಜಕ್ಕೆ ಬಿಟ್ಟುಕೊಂಡು, ನೆಲ ಬೆಚ್ಚಗಾಗುವ ಮೇ ತಿಂಗಳಲ್ಲಿ ಮತ್ತೆ ಬಿತ್ತುವುದೇ ಜಾಣತನ.