ಟ್ರೇಲಪ್ಪನವರ ಕಾಡುದಾರಿ

ಸೈಕಲ್ಲನ್ನು ಕಾರಿನ ಬೆನ್ನಿಗೆ ಬಿಗಿದುಕೊಂಡು ಸೈಕಲ್ ಹೊಡೆಯಲು ಹೋಗುವ ಪಂಗಡವೊಂದು ಬೆಂಗಳೂರಿನಲ್ಲಿದೆ. ಬಡಾವಣೆಗೊಬ್ಬರಾದರೂ ಸಿಗುತ್ತಾರೆ. ಸೈಕಲ್ ಓಡುವ ಕಾಡುದಾರಿಗೆ ಅವರು ‘ಟ್ರೇಲ್’ ಎನ್ನುತ್ತಾರೆ, ಹಾಗಾಗಿ ನಮ್ಮ ಲಿಂಗರಾಜಪುರದ ಪಾಲಿಗೆ ಬಂದವರನ್ನು ನಾವು ಟ್ರೇಲಪ್ಪ ಎನ್ನುತ್ತೇವೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ. ಅದೀಗ ಆಧಾರ್ ಕಾರ್ಡಿನಲ್ಲಿ ಮಾತ್ರ ಉಳಿದುಕೊಂಡಿದೆ. ವಯಸ್ಸು ಐವತ್ತರ ಮೇಲೆ. ತಮ್ಮ ಮಂಡಿಗೆ ಮೂವತ್ತೈದೇ ಎಂಬುದು ಅವರ ವಾದ. ಅರವತ್ತೆಂಟು ಎಂಬುದು ಎಕ್ಸ್‌ರೇ ನೋಡಿದ ಡಾಕ್ಟರ ವಾದ.

ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆ ಅವರ ಕಾರು ಗೇಟಿನಿಂದ ಹಿಂದಕ್ಕೆ ಬರುತ್ತದೆ. ಹಿಂದಕ್ಕೆ ಬರುವಾಗ ಅದು ಒಂದು ಹಾಡು ಹೇಳುತ್ತದೆ. ಆ ಹಾಡಿಗೆ ಓಣಿಯ ನಾಯಿಗಳೆಲ್ಲ ಎದ್ದು ದನಿಗೂಡಿಸುತ್ತವೆ, ನಾಯಿಗಳ ಹಿಂದೆ ನಾವೂ ಏಳುತ್ತೇವೆ. ಕಿಟಕಿಯಿಂದ ಇಣುಕಿದರೆ ಟ್ರೇಲಪ್ಪ ರಣರಂಗಕ್ಕೆ ಹೊರಟ ವೇಷದಲ್ಲಿ ನಿಂತಿರುತ್ತಾರೆ. ತಲೆಗೆ ಹೆಲ್ಮೆಟ್, ಮಂಡಿಗೂ ಮೊಣಕೈಗೂ ಕವಚ, ಬೆನ್ನಿನ ಮೇಲೆ ನೀರಿನ ಚೀಲ, ಆ ಚೀಲದಿಂದ ಬಾಯಿಯವರೆಗೆ ಒಂದು ಕೊಳವೆ. ಕೂರುವ ಜಾಗದಲ್ಲಿ ದಿಂಬು ಹೊಲಿದ ಬಿಗಿಚಡ್ಡಿ. ಹಾಲಿನ ಪ್ಯಾಕೆಟ್ ತರಲು ಹೊರಟ ಅಜ್ಜಿಯರು ಆ ಚಡ್ಡಿಯನ್ನು ಕಂಡು ಮುಖ ಆಚೆ ತಿರುಗಿಸಿ, ‘ರಾಮ ರಾಮ’ ಎಂದುಕೊಂಡು ಬೂತಿನತ್ತ ನಡೆಯುತ್ತಾರೆ.

ಅದೇ ಹೊತ್ತಿಗೆ ಪೇಪರ್ ಹಾಕುವ ಹುಡುಗ ಬರುತ್ತಾನೆ. ಗೇರಿಲ್ಲ, ಮುಂದಿನ ಬ್ರೇಕಿಲ್ಲ, ಹ್ಯಾಂಡಲ್ಲಿನ ಎರಡೂ ಕಡೆ ಭರ್ತಿ ಚೀಲ. ಪೈಪು ಹಾಕಲು ಅಗೆದು, ಅರ್ಧ ಮುಚ್ಚಿ, ಮತ್ತೆ ಅಗೆದ ನಮ್ಮ ಅಡ್ಡರಸ್ತೆಯಲ್ಲಿ ಒಂದೂ ಹಳ್ಳಕ್ಕೆ ಚಕ್ರ ಇಳಿಸದೆ, ಜಲ್ಲಿ ರಾಶಿಯ ಅಂಚಿನಲ್ಲಿ ಸೈಕಲ್ ಮಲಗಿಸಿ ತಿರುಗಿಸಿ, ಒಂದು ಕೈ ಬಿಟ್ಟು, ಆ ಕೈಯಿಂದ ಎರಡನೇ ಮಹಡಿಯ ಬಾಲ್ಕನಿಗೆ ಪೇಪರ್ ಎಸೆದು ಹೋಗುತ್ತಾನೆ. ಟ್ರೇಲಪ್ಪನವರಿಗೆ ಅದು ಕಾಣುವುದಿಲ್ಲ. ‘ಸಾರ್, ಇಲ್ಲಿಂದಲೇ ಸೈಕಲ್ ಮೇಲೆ ಹೋಗಬಾರದೆ?’ ಎಂದು ಒಮ್ಮೆ ಕೇಳಿದೆ. ಅವರು ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದರು. ‘ಈ ಹೆಣ್ಣೂರು ರೋಡಲ್ಲಾ? ಫ್ಲೈಓವರ್ ಮೇಲಾ? ಜೀವ ಬೇಡವಾ ಸಾರ್?’ ಬಂಡೆಯ ಮೇಲಿಂದ ನಾಲ್ಕಡಿ ಕೆಳಕ್ಕೆ ಹಾರುವ ಮನುಷ್ಯ ಇವರು. ಆದರೂ ಕಮ್ಮನಹಳ್ಳಿ ಸಿಗ್ನಲ್ ಎಂದರೆ ಎದೆ ಹೊಡೆದುಕೊಳ್ಳುತ್ತದೆ. ಈ ಒಂದು ವಿಷಯದಲ್ಲಿ ಅವರದು ತಪ್ಪೆನ್ನಲಾರೆ.

ಇನ್ನು ಆ ಸೈಕಲ್ಲು. ಸ್ಕೂಟರ್ ಮಳೆಯಲ್ಲಿ ನೆನೆಯುತ್ತದೆ, ಸೈಕಲ್ಲು ಹಾಲಿನಲ್ಲಿ ಟಿವಿ ಪಕ್ಕ ನಿಲ್ಲುತ್ತದೆ. ನಮ್ಮ ಕಾಲದಲ್ಲಿ ಸೈಕಲ್ ಎಂದರೆ ಗಂಟೆಗಿಷ್ಟು ಎಂದು ಬಾಡಿಗೆಗೆ ತಂದು, ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ ಕತ್ತರಿ ಹೊಡೆದು ಕಲಿಯುತ್ತಿದ್ದದ್ದು. ಬೆಲ್ಲು, ಸ್ಟಾಂಡು, ಕ್ಯಾರಿಯರ್ ಇದ್ದರೆ ಅದು ಪರಿಪೂರ್ಣ ಸೈಕಲ್. ಟ್ರೇಲಪ್ಪನವರದಕ್ಕೆ ಈ ಮೂರೂ ಇಲ್ಲ. ‘ವೇಟ್ ಜಾಸ್ತಿ ಆಗುತ್ತೆ ಸಾರ್’ ಎನ್ನುತ್ತಾರೆ, ತಮ್ಮ ಹೊಟ್ಟೆಯ ಮೇಲೆ ಕೈ ಆಡಿಸುತ್ತಾ. ಇರುವುದು ಇಪ್ಪತ್ತೊಂಬತ್ತು ಇಂಚಿನ ಚಕ್ರ, ಮುಂದೆ 120 ಮಿಲಿಮೀಟರ್ ಕುಗ್ಗುವ ಫೋರ್ಕು, ಎಣ್ಣೆಯ ಒತ್ತಡದಲ್ಲಿ ಹಿಡಿಯುವ ಡಿಸ್ಕ್ ಬ್ರೇಕು, ಗುಂಡಿ ಒತ್ತಿದರೆ ಕೆಳಗಿಳಿಯುವ ಸೀಟು. ಟೈರಿನೊಳಗೆ ಟ್ಯೂಬಿಲ್ಲ. ಬದಲಿಗೆ ಹಾಲಿನಂಥ ದ್ರವ ಹಾಕಿರುತ್ತಾರೆ. ಮುಳ್ಳು ಚುಚ್ಚಿದರೆ ಅದೇ ಉಕ್ಕಿ ಬಂದು ತೂತು ಮುಚ್ಚುತ್ತದೆ. ಜಾಲಿಮುಳ್ಳಿನ ನಾಡಿಗೆ ಇದೊಂದು ಸಂಜೀವಿನಿಯೇ, ಒಪ್ಪೋಣ. ಬೆಲೆ ಮಾತ್ರ ಕೇಳುವವರ ಮೇಲೆ ಹೋಗುತ್ತದೆ. ಗೆಳೆಯರಿಗೆ ಎರಡು ಲಕ್ಷದ ಹತ್ತಿರ. ಅಣ್ಣತಮ್ಮಂದಿರಿಗೆ ಎಪ್ಪತ್ತು ಸಾವಿರ. ಹೆಂಡತಿಗೆ ‘ಎಕ್ಸ್‌ಚೇಂಜಲ್ಲಿ ಹದಿನೆಂಟು ಸಾವಿರಕ್ಕೆ ಬಂತು’. ಆ ಎಕ್ಸ್‌ಚೇಂಜಿಗೆ ಕೊಟ್ಟದ್ದು ಏನು ಎಂದು ಆಯಮ್ಮ ಇನ್ನೂ ಮನೆಯಲ್ಲಿ ಹುಡುಕುತ್ತಿದ್ದಾರೆ.

ಟ್ರೇಲಪ್ಪನವರ ಎದುರು ಐದು ನಿಮಿಷ ಕೂತರೆ ಮೌಂಟೇನ್ ಬೈಕಿನ ಸ್ಥಳಪುರಾಣ ಶುರು. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಟ್ಯಾಮಲ್‌ಪೈಸ್ ಎಂಬ ಬೆಟ್ಟ. ಅದರ ಆಸುಪಾಸಿನಲ್ಲಿ 1970ರ ದಶಕದಲ್ಲಿ ಕೆಲವು ಉದ್ದಗೂದಲಿನ ಹುಡುಗರು ಗುಜರಿಗೆ ಹೋಗಬೇಕಿದ್ದ ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಮೇಲಕ್ಕೆ ಒಯ್ದು, ಅಲ್ಲಿಂದ ಕೆಳಕ್ಕೆ ಬಿಡುತ್ತಿದ್ದರು. ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಇಳಿಯುವಷ್ಟರಲ್ಲಿ ಕಾವಿಗೆ ಅದರೊಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು, ಪ್ರತಿ ಸಲವೂ ಹೊಸದಾಗಿ ತುಂಬಬೇಕು. ಅದಕ್ಕೇ 1976ರಲ್ಲಿ ಶುರುವಾದ ಅವರ ಪಂದ್ಯಕ್ಕೆ ‘ರೀಪ್ಯಾಕ್’ ಎಂದೇ ಹೆಸರಾಯಿತು. ಗ್ಯಾರಿ ಫಿಶರ್, ಜೋ ಬ್ರೀಜ್, ಚಾರ್ಲಿ ಕೆಲ್ಲಿ. ಈ ಹೆಸರುಗಳನ್ನು ಹೇಳುವಾಗ ಟ್ರೇಲಪ್ಪ ಕೆನ್ನೆ ಬಡಿದುಕೊಳ್ಳುವುದೊಂದು ಬಾಕಿ. ಇಪ್ಪತ್ತು ವರ್ಷದಲ್ಲಿ, 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ, ಆ ಪೋಲಿ ಆಟ ಪದಕದ ಆಟವಾಯಿತು. ‘ನೋಡಿ, ಇಪ್ಪತ್ತೇ ವರ್ಷ!’ ಎನ್ನುತ್ತಾರೆ. ತಮಗೂ ಇನ್ನೊಂದು ಇಪ್ಪತ್ತು ವರ್ಷ ಸಮಯವಿದೆ ಎಂಬ ದನಿ ಅದರಲ್ಲಿರುತ್ತದೆ.

ಇಷ್ಟೆಲ್ಲ ಹೇಳುವವರು ತಮ್ಮ ಕಾಡು ಯಾವುದೆಂದು ಮಾತ್ರ ಹೇಳುವುದಿಲ್ಲ. ಅಣಬೆ ಏಳುವ ಜಾಗವನ್ನು ಮಲೆನಾಡಿನವರು ನೆಂಟರಿಗೂ ಹೇಳುವುದಿಲ್ಲವಲ್ಲ, ಹಾಗೆ. ‘ಆ ಕಡೆ, ಏರ್‌ಪೋರ್ಟಿಗಿಂತ ಸ್ವಲ್ಪ ಆಚೆ’ ಎಂದು ಕೈ ಬೀಸುತ್ತಾರೆ. ಹೇಳಿದರೆ ಮುಂದಿನ ಭಾನುವಾರವೇ ನಲವತ್ತು ಜನ ಬರುತ್ತಾರೆ, ಅದರ ಮುಂದಿನ ಭಾನುವಾರ ಬಿರಿಯಾನಿ ಡಬ್ಬಿ, ಅದಾದ ಮೇಲೆ ಬೇಲಿ. ಈ ಭಯ ಅವರಿಗೆ ಸುಮ್ಮನೆ ಬಂದದ್ದಲ್ಲ. ಮೊದಲು ಅವರು ಊರಿನ ಈ ಮೂಲೆಯಿಂದ ಆ ಮೂಲೆಗೆ, ಕನಕಪುರ ರಸ್ತೆಯ ತುರಹಳ್ಳಿ ಕಾಡಿಗೆ ಹೋಗುತ್ತಿದ್ದರು. ಬಂಡೆ, ಕುರುಚಲು, ಇಳಿಜಾರು ಎಲ್ಲ ಇರುವ ಆ ಕಾಡು ಬೆಂಗಳೂರಿನ ಸೈಕಲ್ಲಿನವರಿಗೂ ಬಂಡೆ ಹತ್ತುವವರಿಗೂ ಪಾಠಶಾಲೆಯಾಗಿತ್ತು. 2021ರ ಆರಂಭದಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುತ್ತಾರಂತೆ ಎಂದಾಗ ನೂರಾರು ಜನ ಫಲಕ ಹಿಡಿದು, ಕಾಡನ್ನು ಕಾಡಾಗಿಯೇ ಬಿಡಿ ಎಂದು ನಿಂತರು. ಟ್ರೇಲಪ್ಪನವರೂ ನಿಂತಿದ್ದರು, ಚಡ್ಡಿಯಲ್ಲೇ. ಕಾಡು ಕಾಡಾಗಿ ಉಳಿಯಿತು. ಹಾಗೆ ಉಳಿದ ಕಾಡಿನೊಳಗೆ ಸೈಕಲ್ಲಿಗೇನು ಕೆಲಸ ಎಂಬ ಪ್ರಶ್ನೆಯೂ ಜೊತೆಯಲ್ಲೇ ಉಳಿಯಿತು. 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ಹೊಗುವುದೂ ತಪ್ಪು, ನೆಲ ಅಗೆಯುವುದೂ ತಪ್ಪು. ಇದನ್ನು ನನಗೆ ವಿವರಿಸಿದವರು ಟ್ರೇಲಪ್ಪನವರೇ. ಅವರಿಗೆ ವಿವರಿಸಿದವನು ಲಾಠಿ ಹಿಡಿದ ಒಬ್ಬ ಗಾರ್ಡು. ‘ಒಳ್ಳೆಯ ಮನುಷ್ಯ ಸಾರ್, ನನ್ನ ಸೈಕಲ್ ನೋಡಿ ಎಷ್ಟಾಯ್ತು ಅಂತ ಕೇಳಿದ. ಹೇಳಿದೆ. ಇಷ್ಟು ದುಡ್ಡಿಗೆ ಎರಡು ಎಮ್ಮೆ ಬರ್ತಿತ್ತಲ್ಲ ಸ್ವಾಮಿ ಅಂದ.’

ಹಾಗಾಗಿ ಈಗಿನ ‘ಕಾಡು’ ಎಂದರೆ ಏರ್‌ಪೋರ್ಟಿನಾಚೆ, ಕಾಡಿನ ಅಂಚಿಗಿರುವ ಒಂದು ಖಾಸಗಿ ನೀಲಗಿರಿ ತೋಪು. ಮಾಲೀಕರು ಪರಿಚಿತರು, ಒಪ್ಪಿಗೆ ಕೊಟ್ಟಿದ್ದಾರೆ. ನೀಲಗಿರಿ ನಮ್ಮ ಮರವೇ ಅಲ್ಲ, ಆಸ್ಟ್ರೇಲಿಯಾದ್ದು, ಅಂತರ್ಜಲ ಕುಡಿಯುತ್ತದೆ ಎಂದೆಲ್ಲ ನಾನು ರಾಗ ತೆಗೆದರೆ ಅವರ ಹತ್ತಿರ ಉತ್ತರ ಸಿದ್ಧ: ‘1790ರ ಸುಮಾರಿಗೆ ಟಿಪ್ಪು ನಂದಿಬೆಟ್ಟದಲ್ಲಿ ನೆಡಿಸಿದ ಅಂತಾರೆ ಸಾರ್. ಇನ್ನೂರು ವರ್ಷ ಇಲ್ಲಿದ್ದ ಮೇಲೆ ಡೊಮಿಸೈಲ್ ಕೊಡಬೇಕು.’

ಈ ತೋಪಿನ ದಾರಿಯನ್ನು ಹೋದ ಮಳೆಗಾಲ ಕೊಚ್ಚಿಕೊಂಡು ಹೋಯಿತು. ಅಲ್ಲಿಂದ ಟ್ರೇಲಪ್ಪನವರ ಜೀವನದ ಎರಡನೇ ಕಾಂಡ ಪ್ರಾರಂಭ. ಕಾರಿನ ಡಿಕ್ಕಿಯಲ್ಲಿ ಹಾರೆ, ಗುದ್ದಲಿ, ಪಿಕಾಸಿ, ಬಾಂಡ್ಲಿ, ದಿಮ್ಮಸು. ಮನೆಯಲ್ಲಿ ಒಂದು ಮೊಳೆ ಹೊಡೆಯಲು ಆಳು ಕರೆಸುವ ಮಹಾನುಭಾವರು ವಾರವಾರ ಹೋಗಿ ಮಣ್ಣು ಹೊತ್ತರು. ಅವರ ಹೆಂಡತಿಯ ಮಾತು ಓಣಿಗೆಲ್ಲ ಕೇಳಿಸಿತು: ‘ಮನೆ ಮುಂದೆ ಒಂದು ದಿನ ಪೊರಕೆ ಹಿಡಿದವರಲ್ಲ ರೀ ನೀವು, ಅವರ್‍ಯಾರದೋ ತೋಪಲ್ಲಿ ಕೂಲಿ ಮಾಡ್ತಿದೀರಲ್ಲ!’

ಒಂದು ಸಲ ಆ ಕೂಲಿಯನ್ನು ನೋಡಲೆಂದು ನಾನೂ ಹೋದೆ. ಅಲ್ಲಿ ಕಂಡ ಟ್ರೇಲಪ್ಪ ಬೇರೆ. ಹೆಲ್ಮೆಟ್ ಇಲ್ಲ, ತಲೆಗೆ ಟವೆಲ್. ಇಳಿಜಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಒಂದು ಬಾಟಲಿ ನೀರನ್ನು ದಾರಿಯ ಮೇಲೆ ಮೆಲ್ಲಗೆ ಸುರಿದರು. ನೀರು ದಾರಿಯುದ್ದಕ್ಕೂ ಹರಿದು ಹೋಯಿತು. ‘ನೋಡಿದಿರಾ, ಇದೇ ರೋಗ’ ಎಂದು ಗುದ್ದಲಿ ಹಿಡಿದರು. ನೀರು ದಾರಿಯುದ್ದಕ್ಕೆ ಹರಿದರೆ ಎರಡು ಮಳೆಯಲ್ಲಿ ದಾರಿಯೇ ಕೊರಕಲಾಗುತ್ತದೆ. ಅದು ಅಡ್ಡಲಾಗಿ ದಾಟಿ ಹೋಗಬೇಕು. ಅದಕ್ಕೆ ದಾರಿಯನ್ನು ಗುಡ್ಡದಿಂದ ನೇರ ಕೆಳಕ್ಕೆ ಇಳಿಸಬಾರದು, ಮೈಯುದ್ದಕ್ಕೆ ಓರೆಯಾಗಿ ಬಳಸಿಕೊಂಡು ತರಬೇಕು. ಗುಡ್ಡದ ಇಳಿಜಾರು ಎಷ್ಟಿದೆಯೋ ಅದರ ಅರ್ಧಕ್ಕಿಂತ ದಾರಿಯ ಇಳಿಜಾರು ಹೆಚ್ಚಾಗಕೂಡದು. ಹೊರಗಿನ ಅಂಚು ಕೈಬೆರಳಷ್ಟು ತಗ್ಗಿರಬೇಕು, ಕಣ್ಣಿಗೆ ಕಾಣಬಾರದು, ನೀರಿಗೆ ಗೊತ್ತಾಗಬೇಕು. ಅಲ್ಲಲ್ಲಿ ದಾರಿ ಒಂದಿಷ್ಟು ಏರಿ ಮತ್ತೆ ಇಳಿಯಬೇಕು. ಏರಿನ ಬುಡಕ್ಕೆ ಬಂದ ನೀರು ಮುಂದೆ ಹೋಗಲಾರದೆ ಪಕ್ಕಕ್ಕೆ ಇಳಿದುಬಿಡುತ್ತದೆ. ತಿರುವಿನಲ್ಲಿ ಮಾತ್ರ ಹೊರಗಡೆ ಏರಿ ಕಟ್ಟಿ, ಕೆಮ್ಮಣ್ಣಿಗೆ ನೀರು ಚಿಮುಕಿಸಿ, ದಿಮ್ಮಸು ಹೊಡೆದು ಗಟ್ಟಿ ಮಾಡಬೇಕು, ಆಗ ಚಕ್ರ ಜಾರದೆ ಒರಗಿಕೊಂಡು ತಿರುಗುತ್ತದೆ. ಇಷ್ಟನ್ನೂ ಅವರು ಅಮೆರಿಕದವರ ಪುಸ್ತಕಗಳಿಂದ ಕಲಿತಿದ್ದರು, ಆದರೆ ಕೈ ಪುಸ್ತಕದ್ದಾಗಿರಲಿಲ್ಲ. ಅಂಗೈ ಬೊಬ್ಬೆ ಎದ್ದಿತ್ತು.

ಏರಿ ಮುಗಿದು, ಜೊತೆಗೆ ಮಣ್ಣು ಹೊತ್ತ ಗೆಳೆಯರೆಲ್ಲ ಫೋಟೋ ತೆಗೆದುಕೊಳ್ಳುವ ಹೊತ್ತಿಗೆ ಒಬ್ಬ ತಾತ ಮೇಕೆಗಳನ್ನು ಹೊಡೆದುಕೊಂಡು ಬಂದ. ಮೂವತ್ತು ಮೇಕೆ ಹಸಿ ಏರಿಯ ಮೇಲೆ ಹತ್ತಿ ಇಳಿದವು. ‘ಏ ತಾತ, ಆ ಕಡೆಯಿಂದ ಹೊಡ್ಕೊಂಡು ಹೋಗಬಾರದಾ? ಇದು ನಮ್ಮ ದಾರಿ!’ ಎಂದು ಟ್ರೇಲಪ್ಪ ಓಡಿದರು. ತಾತ ಬೀಡಿ ಬಾಯಿಂದ ತೆಗೆದು, ‘ನಿಮ್ದಾ? ಯಾವಾಗಿಂದ? ನಮ್ಮಪ್ಪನ ಕಾಲದಿಂದ ಮೇಕೆ ತುಳಿದು ಮಾಡಿದ ದಾರಿ ಸ್ವಾಮಿ ಇದು. ನೀವು ಚೆಂದಾಗಿ ರಿಪೇರಿ ಮಾಡಿದೀರ, ಒಳ್ಳೇದಾಗ್ಲಿ’ ಎಂದು ಹರಸಿ ಹೋದ. ಹಿಕ್ಕೆ ಗುಡಿಸಿ ಮತ್ತೆ ದಿಮ್ಮಸು ಹೊಡೆದದ್ದಾಯಿತು.

ಆಮೇಲೆ ಸವಾರಿ. ಅದನ್ನು ಹೆಚ್ಚು ವರ್ಣಿಸುವುದು ಬೇಡ. ಹೊಸ ತಿರುವಿನಲ್ಲಿ ಟ್ರೇಲಪ್ಪ ನಿಜಕ್ಕೂ ಚೆನ್ನಾಗಿ ತಿರುಗಿದರು, ತಿರುಗಿದ್ದು ಯಾರಾದರೂ ನೋಡಿದರೇ ಎಂದು ಹಿಂದೆ ನೋಡಿದರು, ಬಿದ್ದರು. ಬೀಳುವಾಗ ‘ಅಮ್ಮಾ!’ ಎಂದವರು ಎದ್ದ ಮೇಲೆ ‘ಫ್ರಂಟ್ ಟೈರ್ ಪ್ರೆಷರ್ ಎರಡು ಪಾಯಿಂಟ್ ಜಾಸ್ತಿ ಆಗಿತ್ತು ಸಾರ್’ ಎಂದರು. ಟ್ರೇಲಪ್ಪಂದಿರು ಯಾರೂ ತಮ್ಮ ತಪ್ಪಿನಿಂದ ಬಿದ್ದ ದಾಖಲೆಯಿಲ್ಲ. ಅಷ್ಟರಲ್ಲಿ ಎಲ್ಲಿಂದಲೋ ಬಂದಿದ್ದ ಬಾಗಲಕೋಟೆ ಕಡೆಯ ಹುಡುಗನೊಬ್ಬ ‘ಕಾಕಾ, ಒಂಚೂರು ಬಾಜೂ ಸರೀರಿ’ ಎಂದು, ಅವರದಕ್ಕಿಂತ ಕಾಲುಪಾಲು ಬೆಲೆಯ ಸೈಕಲ್ಲಿನಲ್ಲಿ ಗಾಳಿಯಂತೆ ಇಳಿದು ಹೋದ. ವಿಜಯಪುರ, ಬಾಗಲಕೋಟೆ, ಗದಗದ ಕಡೆ ಸೈಕಲ್ ಎಂದರೆ ವಾರಾಂತ್ಯದ ಹುಚ್ಚಲ್ಲ, ಹುಡುಗರು ಹಾಸ್ಟೆಲ್ಲಿನಲ್ಲಿದ್ದು ಕಲಿತು ಪದಕ ತರುವ ವಿದ್ಯೆ. ಗದಗದಲ್ಲಿ ರಾಷ್ಟ್ರೀಯ ಮಟ್ಟದ ಮೌಂಟೇನ್ ಬೈಕ್ ಸ್ಪರ್ಧೆಯೇ ನಡೆದಿದೆ. ಆ ಹುಡುಗ ಇಳಿಯಲು ತೆಗೆದುಕೊಂಡ ಸಮಯ ಫೋನಿನ ಸೈಕಲ್ ಆ್ಯಪಿನಲ್ಲಿ ಬಂದಾಗ ಟ್ರೇಲಪ್ಪ ಬಹಳ ಹೊತ್ತು ನೋಡಿ, ‘ಇಪ್ಪತ್ತು ವರ್ಷದವನು ಬಿಡಿ’ ಎಂದರು. ತಮ್ಮ ವಯೋಮಾನದವರ ಪಟ್ಟಿ ತೆರೆದರು. ಅದರಲ್ಲಿ ಇವರೇ ಮೊದಲಿಗರು. ಆ ಪಟ್ಟಿಯಲ್ಲಿ ಇನ್ನೊಂದು ಹೆಸರಿರಲಿಲ್ಲ.

ನಗುವುದಕ್ಕೆ ಇಷ್ಟು ಸಾಕು. ಆದರೆ ಕಳೆದ ಹಿಂಗಾರಿನಲ್ಲಿ ಒಂದು ರಾತ್ರಿ ನಮ್ಮ ಓಣಿಗೆ ನೀರು ನುಗ್ಗಿದ್ದನ್ನು ಹೇಳದಿದ್ದರೆ ನನ್ನದು ಅನ್ಯಾಯ. ಪೈಪಿನವರು ಬಿಟ್ಟುಹೋದ ಮಣ್ಣಿನ ದಿಬ್ಬ ಚರಂಡಿಗೆ ಅಡ್ಡ ಕೂತಿತ್ತು. ಮೂಲೆಮನೆಯ ಮೆಟ್ಟಿಲು ಮುಳುಗಿತ್ತು. ಒಬ್ಬರು ದೂರಿನ ನಂಬರಿಗೆ ಫೋನ್ ಮಾಡುತ್ತಿದ್ದರು, ಒಬ್ಬರು ವಿಡಿಯೊ ಮಾಡುತ್ತಿದ್ದರು, ನಾನು ಕೊಡೆ ಹಿಡಿದು ವ್ಯವಸ್ಥೆಯನ್ನು ಬೈಯುತ್ತಿದ್ದೆ. ಟ್ರೇಲಪ್ಪ ಡಿಕ್ಕಿಯಿಂದ ಗುದ್ದಲಿ ತಂದರು. ತಲೆಗೆ ಕಟ್ಟಿದ ಸೈಕಲ್ ದೀಪದ ಬೆಳಕಿನಲ್ಲಿ ಐದಾರು ನಿಮಿಷ ಓಣಿಯ ಇಳಿಜಾರನ್ನೇ ನೋಡಿದರು. ದಿಬ್ಬವನ್ನು ಅಗೆದು ತೆಗೆಯಲು ಹೋಗಲಿಲ್ಲ; ಅದಕ್ಕಿಂತ ಮೇಲೆ, ಯಾರೂ ಯೋಚಿಸದ ಜಾಗದಲ್ಲಿ, ಓರೆಯಾಗಿ ಒಂದು ಗೇಣಿನ ತೋಡು ಹೊಡೆದು, ಆ ಮಣ್ಣನ್ನೇ ಕೆಳಗಡೆ ಏರಿ ಕಟ್ಟಿದರು. ನೀರು ಒಂದು ಕ್ಷಣ ತಡೆದು, ತೋಡು ಹಿಡಿದು ದೊಡ್ಡ ಮೋರಿಗೆ ಇಳಿಯಿತು. ಅವರ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಏನೂ ಅನ್ನಲಿಲ್ಲ. ಕಾಫಿ ಕೊಟ್ಟರು, ನಮಗೂ ಸೇರಿಸಿ.

ಟ್ರೇಲಪ್ಪಂದಿರು ನಿಮ್ಮ ಬಡಾವಣೆಯಲ್ಲೂ ಇದ್ದಾರು. ಕರೆದರೆ ಒಮ್ಮೆ ಹೋಗಿ ಬನ್ನಿ. ಹೆಲ್ಮೆಟ್ ಅವರೇ ಕೊಡುತ್ತಾರೆ, ಗುದ್ದಲಿ ಕೊಟ್ಟರೆ ಬೇಡವೆನ್ನದೆ ಇಸಕೊಳ್ಳಿ. ಸೈಕಲ್ಲಿನ ಬೆಲೆ ಕೇಳಲೇಬೇಕು ಎನ್ನಿಸಿದರೆ ತೋಪಿನಲ್ಲೇ ಕೇಳಿ. ದಯವಿಟ್ಟು ಅವರ ಮನೆಯ ಹಾಲಿನಲ್ಲಿ ಕೂತು ಕೇಳಬೇಡಿ.